ಅಮ್ಜದ್ ಅಳಿಸದೆ ಬಿಟ್ಟ ಸ್ನ್ಯಾಪ್‌ಶಾಟ್

ಅಮ್ಜದ್‌ಗೆ ಹೇಸಿಗೆ ಅನ್ನುವುದು ಸುಲಭಕ್ಕೆ ಆಗುವಂಥದ್ದಲ್ಲ. ರಾಮನಗರದಲ್ಲಿ ಅವನ ಅಪ್ಪ ಸನಾವುಲ್ಲಾ ಅವರದು ರೇಷ್ಮೆ ನೂಲು ತೆಗೆಯುವ ಸಣ್ಣ ಫಿಲೇಚರ್. ಗೂಡು ಬೇಯಿಸಿದ ನೀರಿನ ನಾತ, ಸತ್ತ ಹುಳಗಳ ಗುಡ್ಡೆ, ಅದರ ಮೇಲೆ ಕವಿದ ನೊಣ. ಇವುಗಳ ಪಕ್ಕದಲ್ಲೇ ಕೂತು ಊಟ ಮಾಡಿ, ಹೋಮ್‌ವರ್ಕ್ ಬರೆದು ಬೆಳೆದವನು ಅವನು. ಸ್ಕೂಲಿನಲ್ಲಿ ಪಕ್ಕದ ಹುಡುಗ ಮೂಗು ಮುಚ್ಚಿಕೊಂಡರೆ ಯಾಕೆಂದೇ ತಿಳಿಯುತ್ತಿರಲಿಲ್ಲ. ಆಮೇಲೆ ಬೆಂಗಳೂರಿನಲ್ಲಿ ಕಂಪ್ಯೂಟರ್ ನೆಟ್‌ವರ್ಕಿಂಗ್ ಕೋರ್ಸ್ ಮಾಡಿ, ಒಂದಷ್ಟು ವರ್ಷ ಸರ್ವರ್ ನೋಡಿಕೊಂಡಿದ್ದ. ನ್ಯೂಜಿಲೆಂಡಿಗೆ ಬಂದಿದ್ದು ಮಾತ್ರ ಕಂಪ್ಯೂಟರ್ ಕೆಲಸಕ್ಕಲ್ಲ. ಅಲ್ಲಿನ ಮಾಂಸದ ಕಾರ್ಖಾನೆಗಳಿಗೆ ಹಲಾಲ್ ಮಾಡುವ ಮುಸಲ್ಮಾನರು ಬೇಕಿತ್ತು, ಅದಕ್ಕೆ ವೀಸಾ ಬೇಗ ಸಿಗುತ್ತಿತ್ತು. ಎರಡು ಸೀಸನ್ನು ರಬ್ಬರ್ ಬೂಟು ಹಾಕಿಕೊಂಡು ರಕ್ತದಲ್ಲಿ ನಿಂತ. ಸಂಜೆ ಮನೆಗೆ ಬಂದು ಸ್ನಾನ ಮಾಡಿ ಮಗಳು ಸನಾಳನ್ನು ಎತ್ತಿಕೊಂಡು ಆಡಿಸುತ್ತಿದ್ದ. ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ.

ಅಂಥ ಮನುಷ್ಯ ಪಾಮರ್ಸ್ಟನ್ ನಾರ್ತ್‌ನಂಥ ಚೊಕ್ಕಟವಾದ ಊರಿನಲ್ಲಿ, ಬಿಳೀ ಹಾಲು ನೋಡಿ ವಾಂತಿ ಮಾಡಿಕೊಂಡ. ಎರಡು ಸಾವಿರದ ಎಂಟನೇ ಇಸವಿಯ ಅಕ್ಟೋಬರ್‌ನಲ್ಲಿ.

ಅವನನ್ನು ಮಾಂಸದ ಕಾರ್ಖಾನೆಯಿಂದ ಬಿಡಿಸಿದವರು ಬದರಿನಾಥ್. ಮೈಸೂರಿನವರು, ವೆಲ್ಲಿಂಗ್ಟನ್‌ನಲ್ಲಿ ಸ್ವಂತ ಕಂಪ್ಯೂಟರ್ ಕನ್ಸಲ್ಟೆನ್ಸಿ, ಅಲ್ಲಿನ ಕನ್ನಡದವರಿಗೆಲ್ಲ ಬದರಿ ಅಂಕಲ್. ಒಂದು ಪಿಕ್ನಿಕ್‌ನಲ್ಲಿ ಅಮ್ಜದ್ ಮಾತಾಡಿದ್ದು ಕೇಳಿ ಅವರಿಗೆ ಖುಷಿಯೋ ಖುಷಿ. ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಲ್ಲಪ್ಪಾ ಎಂದು ನಾಲ್ಕು ಜನರನ್ನು ಕರೆದು ತೋರಿಸಿದರು. ರಾಮನಗರದವನು ಇನ್ನು ಯಾವ ಭಾಷೆ ಮಾತಾಡಬೇಕಿತ್ತೋ ಅಮ್ಜದ್‌ಗೆ ಗೊತ್ತಾಗಲಿಲ್ಲ. ಆದರೂ ನಕ್ಕ. ಆ ನಗು ವ್ಯರ್ಥವಾಗಲಿಲ್ಲ. ಪಾಮರ್ಸ್ಟನ್ ನಾರ್ತ್‌ನ ಒಂದು ಹಾಲು ತಪಾಸಣೆ ಲ್ಯಾಬಿನಲ್ಲಿ ಬದರಿನಾಥ್ ಅವನಿಗೆ ಸರ್ವರ್ ನೋಡಿಕೊಳ್ಳುವ ಕೆಲಸ ಕೊಡಿಸಿದರು. ಅಲ್ಲೇ ಕಾಯಂ ಇರಲು ಬೇಕಾದ ರೆಸಿಡೆನ್ಸಿಗೆ ಅರ್ಜಿ ಹಾಕುವಾಗ ನನ್ನ ಹೆಸರು ಕೊಡು, ಯಾರು ಫೋನ್ ಮಾಡಿದರೂ ಒಳ್ಳೆಯ ಮಾತು ಹೇಳುತ್ತೇನೆ ಎಂದರು.

ಆ ಲ್ಯಾಬಿಗೆ ಸುತ್ತಲಿನ ಡೈರಿ ಫಾರ್ಮ್‌ಗಳಿಂದ ಹಾಲಿನ ಮಾದರಿ ಸಣ್ಣ ಸಣ್ಣ ಸೀಸೆಗಳಲ್ಲಿ ಬರುತ್ತಿತ್ತು. ಹಸುವಿಗೆ ಕೊಟ್ಟ ಔಷಧಿ ಹಾಲಿಗೆ ಇಳಿದಿದೆಯೋ ಎಂದು ಯಂತ್ರ ನೋಡುತ್ತಿತ್ತು. ಸೀಸೆಯ ಮೇಲೆ ಹೆಸರಿಲ್ಲ, ಬರೀ ಬಾರ್‌ಕೋಡಿನ ಗೆರೆ. ಯಾವ ಗೆರೆ ಯಾವ ಫಾರ್ಮಿನದು ಎಂಬುದು ಕಂಪ್ಯೂಟರಿಗೆ ಮಾತ್ರ ಗೊತ್ತು. ಆ ಉತ್ತರ ಬರುವ ತನಕ ಅಲ್ಲಿನ ಸಣ್ಣ ಚೀಸ್ ಕಾರ್ಖಾನೆಗಳು ಟ್ಯಾಂಕರ್‌ನಲ್ಲಿದ್ದ ಹಾಲನ್ನು ಮುಟ್ಟುವಂತಿರಲಿಲ್ಲ.

ಮೊದಲು ಅಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸರ್ವರ್ ಇತ್ತು. ಅಕೌಂಟ್ಸ್‌ಗೆ ಒಂದು, ಈಮೇಲ್‌ಗೆ ಒಂದು, ತಪಾಸಣೆಗೆ ಒಂದು. ಬದರಿನಾಥ್ ಬಂದು ಆ ಹಳೇ ಪೆಟ್ಟಿಗೆಗಳನ್ನೆಲ್ಲ ಹೊರಹಾಕಿಸಿ ಮೂರೇ ಮೂರು ದೊಡ್ಡ ಯಂತ್ರ ತರಿಸಿದರು. ಒಂದೊಂದರ ಹೊಟ್ಟೆಯೊಳಗೆ ಹತ್ತಾರು ಸರ್ವರ್‌ಗಳು, ಕಬ್ಬಿಣವಿಲ್ಲದೆ ಬರೀ ಸಾಫ್ಟ್‌ವೇರ್ ಆಗಿ, ತಾವು ಬೇರೆ ಬೇರೆ ಯಂತ್ರಗಳೆಂದೇ ನಂಬಿಕೊಂಡು ಓಡುತ್ತಿದ್ದವು. ಅವುಗಳ ಡಿಸ್ಕೆಲ್ಲ ಮಾತ್ರ ಒಂದೇ ಕಡೆ, ಬೀರುವಿನಷ್ಟು ಎತ್ತರದ ಶೇರ್ಡ್ ಸ್ಟೋರೇಜ್‌ನಲ್ಲಿ. ಮದುವೆ ಛತ್ರದ ಉಗ್ರಾಣ ಇದ್ದ ಹಾಗೆ. ಅಡುಗೆಯವರು ಎಷ್ಟೇ ಜನ ಇರಲಿ, ಸಾಮಾನು ಒಂದೇ ಕೋಣೆಯಲ್ಲಿ. ಒಂದು ಯಂತ್ರ ಕೆಟ್ಟರೆ ಅದರೊಳಗಿನ ಸರ್ವರ್‌ಗಳು ಇನ್ನೊಂದರಲ್ಲಿ ಎದ್ದು ಕೂರುತ್ತವೆ, ಸಾಮಾನು ಅಲ್ಲೇ ಇರುತ್ತದಲ್ಲ. ಚೆಂದದ ಏರ್ಪಾಡು. ಉಗ್ರಾಣ ಕಂಠಮಟ್ಟ ತುಂಬಿದರೆ ಮಾತ್ರ ಎಲ್ಲರ ಒಲೆಯೂ ಒಟ್ಟಿಗೆ ಆರುತ್ತದೆ.

ಅದಕ್ಕೆ ಬೀಗ ಒಂದೇ. ಅಡ್ಮಿನಿಸ್ಟ್ರೇಟರ್ ಎಂಬ ಒಂದು ಹೆಸರು, ಒಂದು ಪಾಸ್‌ವರ್ಡ್. ವೆಲ್ಲಿಂಗ್ಟನ್‌ನಿಂದ ಬದರಿನಾಥ್, ಇಲ್ಲಿ ಅಮ್ಜದ್, ಜೊತೆಗೆ ಲ್ಯಾಬಿನ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಹುಬ್ಬಳ್ಳಿಯ ವೇದಾ, ಮೂವರೂ ಅದೇ ಹೆಸರಿನಲ್ಲಿ ಒಳಗೆ ಹೋಗಿಬರುತ್ತಿದ್ದರು. ಬೇರೆ ಬೇರೆ ಹೆಸರು ಮಾಡೋಣ ಎಂದು ವೇದಾ ಒಂದೆರಡು ಸಲ ಹೇಳಿದ್ದಳು. ಬದರಿನಾಥ್, ಮಾಡೋಣ ಮಾಡೋಣ ಎಂದಿದ್ದರು. ಯಾರು ಏನು ಮಾಡಿದರೂ ದಾಖಲೆಯಲ್ಲಿ ಅದೊಂದೇ ಹೆಸರು ಬೀಳುತ್ತಿತ್ತು. ಸಾರ್ವಜನಿಕ ಶೌಚಾಲಯದ ಚೊಂಬು ಇದ್ದಂತೆ.

ಸೆಪ್ಟೆಂಬರ್‌ನಲ್ಲಿ ಬದರಿನಾಥ್ ಕಾರು ಹತ್ತಿ ಬಂದು ತಪಾಸಣೆಯ ಸರ್ವರ್‌ಗೆ ಹೊಸ ಸಾಫ್ಟ್‌ವೇರ್ ಹಾಕಿದರು. ಹಾಕುವ ಮೊದಲು ಸ್ನ್ಯಾಪ್‌ಶಾಟ್ ತೆಗೆದರು. ಅಂದರೆ ಆ ಕ್ಷಣಕ್ಕೆ ಸರ್ವರ್ ಹೇಗಿತ್ತೋ ಹಾಗೇ ಹಿಡಿದಿಡುವುದು. ಹೊಸದು ಕೈಕೊಟ್ಟರೆ ಹಿಂದಕ್ಕೆ ಹೋಗಬಹುದು. ಆದರೆ ಅಲ್ಲಿಂದ ಮುಂದೆ ಬರುವ ಪ್ರತಿ ಬದಲಾವಣೆಯೂ ಪಕ್ಕದಲ್ಲಿ ಬೇರೆಯಾಗಿ ಪೇರಿಸಿಕೊಳ್ಳುತ್ತ ಹೋಗುತ್ತದೆ. ಕೆಲಸ ಮುಗಿದ ಮೇಲೆ ಅಳಿಸಬೇಕು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಮ್ಜದ್ ಕೇಳಿದ್ದಕ್ಕೆ ಬದರಿನಾಥ್, ಸೇಫ್ಟಿಗೆ ಇರಲಿ ಬಿಡು, ಮುಂದಿನ ಸಲ ಬಂದಾಗ ನಾನೇ ಅಳಿಸುತ್ತೇನೆ ಎಂದು ಕೋಟು ಹಾಕಿಕೊಂಡರು.

ಮುಂದಿನ ಸಲ ಬರಲೇ ಇಲ್ಲ. ವೆಲ್ಲಿಂಗ್ಟನ್‌ನಲ್ಲಿ ರಾಜ್ಯೋತ್ಸವದ ತಯಾರಿ ಜೋರಾಗಿತ್ತು, ಹಾಲ್ ಬುಕಿಂಗು, ನಾಟಕದ ರಿಹರ್ಸಲ್ಲು, ಬಿಸಿಬೇಳೆಬಾತ್‌ಗೆ ಯಾರು ಎಂಬ ಚರ್ಚೆ. ಇತ್ತ ಆ ದೇಶದ ವಸಂತ ಬಂದು ಹಸುಗಳು ಹಾಲು ಸುರಿಸತೊಡಗಿದ್ದವು. ಸೀಸೆಗಳ ಹೊಳೆ. ಪೇರಿಸಿಕೊಳ್ಳುತ್ತಿದ್ದ ರಾಶಿ ದಿನದಿನಕ್ಕೆ ಊದಿಕೊಂಡಿತು. ವೇದಾ ಹೆರಿಗೆ ರಜೆ ಹಾಕಿ ಹೋದಳು. ಅಮ್ಜದ್‌ನ ಪರದೆಯ ಮೇಲೆ ಬೆಳಗ್ಗೆ ಬೆಳಗ್ಗೆ ಒಂದು ಹಳದಿ ಗುರುತು ಮೂಡತೊಡಗಿತು, ಜಾಗ ಕಡಿಮೆಯಾಗುತ್ತಿದೆ ಎಂದು. ಅವನು ಫೋನ್ ಮಾಡಿದ.

"ನೋಡಪ್ಪಾ, ಅದನ್ನ ಅಳಿಸೋಕ್ಕೆ ಹೋದ್ರೆ ಸಿಸ್ಟಮ್ಮು ಗಂಟೆಗಟ್ಲೆ ಸ್ಲೋ ಆಗತ್ತೆ. ನೀನ್ ಕೈ ಹಾಕಿ ಏನಾದ್ರೂ ಎಡವಟ್ಟಾದ್ರೆ, ನಿನ್ ರೆಸಿಡೆನ್ಸಿ ಬೇರೆ ಪೆಂಡಿಂಗ್ ಇದೆ, ಯೋಚನೆ ಮಾಡು. ಫಂಕ್ಷನ್ ಮುಗೀಲಿ, ನಾನೇ ಬರ್ತೀನಿ," ಎಂದರು ಬದರಿನಾಥ್.

ಅಮ್ಜದ್ ಯೋಚನೆ ಮಾಡಿದ. ಹೆಂಡತಿ ನೌರೀನ್, ಸನಾ, ಬಾಡಿಗೆ ಮನೆ, ಮತ್ತೆ ಆ ರಬ್ಬರ್ ಬೂಟು. ಹಳದಿ ಗುರುತಿನ ಮೇಲೆ ಬೇರೊಂದು ಕಿಟಕಿಯನ್ನು ಎಳೆದು ಮುಚ್ಚಿಟ್ಟ.

ಅಕ್ಟೋಬರ್‌ನ ಒಂದು ಬುಧವಾರ ಬೆಳಗ್ಗೆ ಉಗ್ರಾಣ ತುಂಬಿತು. ತಪಾಸಣೆಯ ಸರ್ವರ್ ಒಂದೇ ಅಲ್ಲ, ಈಮೇಲ್, ಅಕೌಂಟ್ಸ್, ಬಾಗಿಲು ತೆರೆಯುವ ಕಾರ್ಡಿನ ಸರ್ವರ್ ಕೂಡ ಇದ್ದಲ್ಲೇ ನಿಂತವು. ಯಂತ್ರಗಳು ಸೀಸೆಗಳನ್ನು ಪರೀಕ್ಷಿಸುತ್ತಲೇ ಇದ್ದವು, ಆದರೆ ಯಾರ ಹಾಲು ಯಾವುದೆಂದು ಹೇಳುವವರಿಲ್ಲ. ಬದರಿನಾಥ್ ಫೋನ್ ಎತ್ತಲಿಲ್ಲ. ಅಮ್ಜದ್ ಬೇಡದ ಒಂದೆರಡು ಸರ್ವರ್‌ಗಳನ್ನು ಅಳಿಸಿ, ಚೂರು ಜಾಗ ಮಾಡಿ, ಸ್ನ್ಯಾಪ್‌ಶಾಟನ್ನು ಅಳಿಸಲು ಹಚ್ಚಿದ. ಅದು ಹಗಲೆಲ್ಲ ತೆವಳಿತು. ಬಿಸಿಲಲ್ಲಿ ಟ್ಯಾಂಕರ್‌ಗಳು ಕಾದವು. ಸಂಜೆ ಹೊತ್ತಿಗೆ ಎಲ್ಲ ಎದ್ದು ಕೂತಿತು, ಹಾಲು ಮಾತ್ರ ಕೆಟ್ಟಿತ್ತು.

ಮರುದಿನ ಲ್ಯಾಬಿನ ಮ್ಯಾನೇಜರ್ ಕ್ರೇಗ್ ಅಮ್ಜದ್‌ನನ್ನು ತನ್ನ ಯೂಟ್ ಗಾಡಿಯಲ್ಲಿ ಹತ್ತಿಸಿಕೊಂಡು ಒಂದು ಚೀಸ್ ಕಾರ್ಖಾನೆಗೆ ಹೊರಟ. ಗಿರಾಕಿಗೆ ಮುಖ ತೋರಿಸಿ ಸಾರಿ ಹೇಳಬೇಕು, ಅದು ಮರ್ಯಾದೆ ಎಂದ. ಕ್ರೇಗ್ ಒಳ್ಳೆಯವನು. ಯಾರ ಮೇಲೂ ಧ್ವನಿ ಎತ್ತಿದವನಲ್ಲ. ಎಲ್ಲದಕ್ಕೂ ನೋ ವರೀಸ್ ಅನ್ನುತ್ತಿದ್ದ.

ಕಾರ್ಖಾನೆಯ ಹಿಂದಿನ ಫಾರ್ಮಿನಲ್ಲಿ ಹಸುಗಳ ಸಗಣಿ, ಗಂಜಲ ಹರಿದುಬಂದು ನಿಲ್ಲುವ ದೊಡ್ಡ ಹೊಂಡ. ಟ್ಯಾಂಕರ್‌ಗೆ ದಪ್ಪ ಪೈಪು ಸಿಕ್ಕಿಸಿ ಹಾಲನ್ನು ಅದರೊಳಗೆ ಬಿಡುತ್ತಿದ್ದರು. ಕಂದು ಕೆನೆಗಟ್ಟಿದ ಕೊಚ್ಚೆಯ ಮೇಲೆ ಬಿಳೀ ಹಾಲು ಗುಳುಗುಳು ಎಂದು ಬಿದ್ದು, ಹರಡಿ, ಒಡೆದು, ಗಡ್ಡೆಗಡ್ಡೆಯಾಗಿ ತೇಲುತ್ತಿತ್ತು. ಬಿಸಿಲಿಗೆ ಅದರಿಂದ ಹುಳಿ ಹುಳಿ ಕಮಟು ವಾಸನೆ ಏಳುತ್ತಿತ್ತು. ನೊಣಗಳು ಬಿಳಿಯ ಮೇಲೆ ಕೂತು ಏಳುತ್ತಿದ್ದವು. ಅದನ್ನೂ ಅಮ್ಜದ್ ತಡೆದುಕೊಂಡ. ಕಾರ್ಖಾನೆಯ ಮಾಲೀಕ, ಕೆಂಪು ಮುಖದ ಮುದುಕ, ಹೊಂಡವನ್ನೇ ನೋಡುತ್ತ, ಇದನ್ನು ಮಾಡಿದವರು ಯಾರು ಎಂದು ಕೇಳಿದ.

ಕ್ರೇಗ್ ಮೆಲುದನಿಯಲ್ಲೇ ಹೇಳಿದ. ನಮ್ಮಲ್ಲಿ ವೇದಾ ಅಂತ ಒಬ್ಬ ಹುಡುಗಿ ಇದ್ದಳು, ಬಸುರಿ, ತಲೆಯಲ್ಲಿ ಬೇರೆ ಯೋಚನೆ, ಹೋಗುವಾಗ ಏನೋ ಒಂದನ್ನು ಅಳಿಸದೆ ಮರೆತು ಹೋಗಿದ್ದಾಳೆ, ಪಾಪ. ನಮ್ಮ ಕನ್ಸಲ್ಟೆಂಟ್ ನಿನ್ನೆ ರಾತ್ರಿ ಹುಡುಕಿ ಹೇಳಿದರು.

ಮುದುಕ ತಲೆಯಾಡಿಸಿದ. ಕ್ರೇಗ್ ಅಮ್ಜದ್‌ನ ಕಡೆ ನೋಡಿದ, ಹೌದಲ್ಲವಾ ಎನ್ನುವ ಹಾಗೆ. ಅಮ್ಜದ್ ಬಾಯಿ ತೆರೆದ. ಬೇಲಿಗೆ ಒರಗಿ, ಬೆಳಗ್ಗೆ ತಿಂದಿದ್ದನ್ನೆಲ್ಲ ಹುಲ್ಲಿನ ಮೇಲೆ ಕಾರಿಕೊಂಡ. ಕ್ರೇಗ್ ಬೆನ್ನು ತಟ್ಟಿ, ವಾಸನೆ ಜಾಸ್ತಿ ಅಲ್ಲವಾ ಎಂದು ನೀರಿನ ಬಾಟಲಿ ಕೊಟ್ಟ.

ಹಿಂದಿರುಗಿ ಬಂದು ಪಾರ್ಕಿಂಗ್‌ನಿಂದಲೇ ಬದರಿನಾಥ್‌ಗೆ ಫೋನ್ ಮಾಡಿದ. ಈ ಸಲ ಎತ್ತಿದರು. ಹಿಂದೆ ಯಾರೋ ಹಾರ್ಮೋನಿಯಂ ಬಾರಿಸುವುದು ಕೇಳುತ್ತಿತ್ತು.

"ಸಾರ್, ಆ ಸ್ನ್ಯಾಪ್‌ಶಾಟ್ ತೆಗೆದಿದ್ದು ನೀವು. ನಾನು ಪಕ್ಕದಲ್ಲೇ ಕೂತಿದ್ದೆ."

"ಅದು ನಿಂಗೊತ್ತು, ನಂಗೊತ್ತು. ಲಾಗ್‌ನಲ್ಲಿ ಯಾರ ಹೆಸರಿದೆ ಹೇಳು? ಅಡ್ಮಿನಿಸ್ಟ್ರೇಟರ್. ವೇದಾ ಹೇಗೂ ರಜೆ ಮೇಲಿದಾಳೆ, ಮಗು ಇದೆ, ಯಾರೂ ಏನೂ ಅನ್ನಲ್ಲ. ನಿನ್ ಹೆಸರು ಹೇಳಿಲ್ವಲ್ಲ ನಾನು? ನಿನ್ನ ಉಳಿಸಿದೀನಪ್ಪಾ, ತಿಳ್ಕೋ," ಎಂದರು ಬದರಿನಾಥ್. ಆಮೇಲೆ ಅದೇ ಉಸಿರಿನಲ್ಲಿ, ರಾಜ್ಯೋತ್ಸವಕ್ಕೆ ಸಂಸಾರ ಸಮೇತ ಬಾ, ನಾಡಗೀತೆಗೆ ನಿನ್ನ ಮಗಳನ್ನು ನಿಲ್ಲಿಸೋಣ, ಚೆನ್ನಾಗಿ ಕಾಣುತ್ತದೆ ಎಂದೂ ಹೇಳಿದರು.

ಅಮ್ಜದ್ ಫೋನನ್ನು ಪ್ಯಾಂಟಿಗೆ ಉಜ್ಜಿ ಒರೆಸಿ ಜೇಬಿಗೆ ಹಾಕಿಕೊಂಡ. ಯಾಕೆ ಒರೆಸಿದನೋ ಅವನಿಗೇ ಗೊತ್ತಿಲ್ಲ.

ಇಷ್ಟೇ ಆಗಿದ್ದರೆ ಏನೋ. ಅವನು ದಿನಾ ಸಂಜೆ ಹೋಗಬೇಕಿದ್ದದ್ದು ವೇದಾಳ ಮನೆಗೇ. ಬಾಣಂತಿಗೆ ಅಮ್ಮ ಇಲ್ಲಿಲ್ಲ. ಅವಳ ಗಂಡ ದತ್ತಾತ್ರೇಯ ಯೂನಿವರ್ಸಿಟಿಯಲ್ಲಿ ಮಣ್ಣಿನ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ, ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ. ಮಗುವಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಹಾಕಿಕೊಂಡು ನೀರು ಹಾಕುವುದು ಇಬ್ಬರಿಗೂ ಬರುತ್ತಿರಲಿಲ್ಲ. ನೌರೀನ್‌ಗೆ ಬರುತ್ತಿತ್ತು. ರಾಮನಗರದಲ್ಲಿ ತನ್ನ ಅತ್ತೆ ರಹಮತ್ ಬೀ ಕೈಕೆಳಗೆ ಕಲಿತದ್ದು. ಹಗಲು ಬಟ್ಟೆ ಅಂಗಡಿಯ ಕೆಲಸ ಮುಗಿಸಿ, ಸಂಜೆ ವೇದಾಳ ಮನೆಗೆ ಹೋಗಿ ಮಗುವಿಗೆ ಸ್ನಾನ ಮಾಡಿಸಿ, ಕೆಂಡವಿಲ್ಲದ ಊರಿನಲ್ಲಿ ಹೀಟರಿನ ಮುಂದೆ ತಲೆ ಒಣಗಿಸಿ, ಮಲಗಿಸಿ ಬರುತ್ತಿದ್ದಳು. ಬಿಟ್ಟು ಕರೆದುಕೊಂಡು ಬರುವುದು ಅಮ್ಜದ್. ಆ ಹೊತ್ತೆಲ್ಲ ಅವನು ಮುಂದಿನ ಕೋಣೆಯಲ್ಲಿ ಕೂತು ವೇದಾ ಕೊಟ್ಟ ಚಹಾ ಕುಡಿಯುತ್ತಿದ್ದ.

ಗುರುವಾರ ಸಂಜೆಯೂ ಹೋದ. ಚಹಾ ಬಂತು. ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ಅವನು ಲೋಟವನ್ನು ಆ ಕಡೆ ಈ ಕಡೆ ಸರಿಸುತ್ತ ಕೂತ. ಸಿಸ್ಟಮ್ ಬಿದ್ದಿತ್ತಂತೆ ಎಂದು ವೇದಾ ಕೇಳಿದಳು. ಹೌದು, ಸರಿಹೋಯಿತು ಎಂದ. ಒಳಗೆ ಬಚ್ಚಲಿನಲ್ಲಿ ನೌರೀನ್ ಮಗುವಿಗೆ ದಖನಿಯಲ್ಲಿ ಏನೋ ಹಾಡು ಹೇಳುತ್ತಿದ್ದಳು. ತನ್ನ ಚರ್ಮವನ್ನು ಒಂದು ಸಲ ಬಿಚ್ಚಿ ಒಗೆದು ಹಾಕಿಕೊಳ್ಳುವ ಹಾಗಿದ್ದರೆ ಎನ್ನಿಸಿತು ಅಮ್ಜದ್‌ಗೆ.

ಶುಕ್ರವಾರವೂ ಹೋದ. ಅವತ್ತು ವೇದಾ ಗೆಲುವಾಗಿದ್ದಳು.

"ಅಮ್ಜದ್ ಭಾಯ್, ಕ್ರೇಗ್ ಫೋನ್ ಮಾಡಿದ್ದ. ಸೋಮವಾರ ಮೀಟಿಂಗ್ ಆದ ಮ್ಯಾಲೆ ನನ್ನ ಕೆಲಸದ ಬಗ್ಗೆ ಮಾತಾಡೋದದ ಅಂದ. ಕಾಂಟ್ರಾಕ್ಟ್ ಹೋಗಿ ಪರ್ಮನೆಂಟ್ ಆಗ್ತದ ಅನಸ್ತದ ನಂಗ. ನೀವೇನರ ನನ್ನ ಬಗ್ಗೆ ಛಲೋ ಹೇಳೀರೇನು?"

ಅಮ್ಜದ್ ಉತ್ತರ ಕೊಡಲಿಲ್ಲ. ಕ್ರೇಗ್ ಅವತ್ತೇ ಮಧ್ಯಾಹ್ನ ಅವನಿಗೆ ಹೇಳಿದ್ದ. ಸೋಮವಾರ ಚೀಸ್ ಕಾರ್ಖಾನೆಯವರು ಬರುತ್ತಾರೆ, ಬದರಿನಾಥ್ ಬಂದು ವಿವರಿಸುತ್ತಾರೆ, ವೇದಾಳ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎಂದು ಹೇಳಿದರೆ ಅವರಿಗೂ ಸಮಾಧಾನವಾಗುತ್ತದೆ. ಅವಳೂ ಮನೆಯಲ್ಲಿ ಮಗುವಿನ ಜೊತೆ ಇರಬಹುದು, ಎಲ್ಲರಿಗೂ ಒಳ್ಳೆಯದೇ. ಹೀಗೆ ಹೇಳುವಾಗ ಕ್ರೇಗ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಮೆತ್ತಗಾದ ಬಿಸ್ಕತ್ತು ಮುರಿದು ಮಗ್ಗಿನಲ್ಲಿ ಬಿದ್ದಿತು. ಬೆರಳು ಹಾಕಿ ತೆಗೆದು ನೆಕ್ಕಿದ.

ಕಾರಿನಲ್ಲಿ ಅಮ್ಜದ್ ಎಲ್ಲವನ್ನೂ ನೌರೀನ್‌ಗೆ ಹೇಳಿಬಿಟ್ಟ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಹಾಗೇನೂ ಬೈಯಲಿಲ್ಲ. ವಾಪಸ್ ಹೋಗಬೇಕಾಗಿ ಬಂದರೆ ಹೋಗೋಣ, ರಾಮನಗರ ಎಲ್ಲೂ ಓಡಿಹೋಗಿಲ್ಲ ಎಂದಳು. ಆಮೇಲೆ, ನೀವು ಅಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಆ ಮಗು ನನ್ನ ಕಾಲ ಮೇಲಿತ್ತು ಎಂದಳು. ಶನಿವಾರ, ಭಾನುವಾರ ಅವನ ತಟ್ಟೆಗೆ ಬಡಿಸಿದಳು, ಆದರೆ ಎದುರಿಗೆ ಕೂತು ಉಣ್ಣಲಿಲ್ಲ. ಅಮ್ಜದ್ ತಲೆನೋವಿನ ನೆಪ ಹೇಳಿ ವೇದಾಳ ಮನೆಗೆ ಹೋಗಲಿಲ್ಲ. ನೌರೀನ್ ಬಸ್ಸು ಹಿಡಿದು ಹೋಗಿಬಂದಳು.

ಸೋಮವಾರ ಬದರಿನಾಥ್ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಬಂದರು. ಕೈಯಲ್ಲಿ ಮೈಸೂರು ಪಾಕಿನ ಡಬ್ಬ, ಮೀಟಿಂಗಿನ ಎಲ್ಲರಿಗೂ. ಗೋಡೆಯ ಮೇಲೆ ಸ್ಲೈಡ್‌ಗಳನ್ನು ತೋರಿಸುತ್ತ ಚೆನ್ನಾಗಿ ಮಾತಾಡಿದರು. ಹ್ಯೂಮನ್ ಎರರ್ ಎಂದರು, ಪ್ರೊಸೆಸ್ ಎಂದರು, ಲರ್ನಿಂಗ್ ಎಂದರು. ಒಂದೊಂದು ಮಾತೂ ತುಪ್ಪದಲ್ಲಿ ಕರಿದ ಹಾಗೆ ಜಿಡ್ಡು ಜಿಡ್ಡಾಗಿ ಜಾರುತ್ತಿತ್ತು. ಕೆಂಪು ಮುಖದ ಮುದುಕ ಮೈಸೂರು ಪಾಕು ಕಚ್ಚಿಕೊಂಡು ಕೇಳುತ್ತಿದ್ದ. ಕ್ರೇಗ್ ಗಂಟಲು ಸರಿಮಾಡಿಕೊಂಡು, ಆ ಉದ್ಯೋಗಿಯ ಬಗ್ಗೆ ನಾವೊಂದು ತೀರ್ಮಾನಕ್ಕೆ ಬಂದಿದ್ದೇವೆ ಎಂದು ಶುರುಮಾಡಿದ.

"ಅವಳಲ್ಲ," ಎಂದ ಅಮ್ಜದ್ ಇಂಗ್ಲಿಷಿನಲ್ಲಿ. ಮತ್ತೆ ಹೇಳಿದ. "ವೇದಾ ಅಲ್ಲ. ಸ್ನ್ಯಾಪ್‌ಶಾಟ್ ತೆಗೆದವರು ಬದರಿನಾಥ್, ಅಳಿಸದೆ ಬಿಟ್ಟವರೂ ಅವರೇ. ಎಚ್ಚರಿಕೆ ದಿನಾ ನನ್ನ ಪರದೆ ಮೇಲೆ ಬರ್ತಿತ್ತು. ನಾನು ನೋಡಿ ಮುಚ್ಚಿಟ್ಟೆ. ಹೊಂಡದ ಹತ್ತಿರ ನೀವು ಅವಳ ಹೆಸರು ಹೇಳಿದಾಗಲೂ ನಂಗೆ ಗೊತ್ತಿತ್ತು."

ಬೈಗುಳ ಬೀಳುತ್ತದೆ, ಎದ್ದು ಹೋಗು ಅನ್ನುತ್ತಾರೆ ಎಂದು ಅವನು ಹಲ್ಲು ಕಚ್ಚಿ ಕಾದ. ಬೀಳಲಿಲ್ಲ. ಬದರಿನಾಥ್ ನಗುತ್ತ, ಹುಡುಗ ಒತ್ತಡದಲ್ಲಿದ್ದಾನೆ ಎಂದರು. ಮುದುಕ ಕಚ್ಚಿದ್ದ ಮೈಸೂರು ಪಾಕನ್ನು ಕರ್ಚೀಫಿನ ಮೇಲಿಟ್ಟು, ಹೌದಾ ಎಂದು ಬದರಿನಾಥ್‌ರನ್ನೇ ಕೇಳಿದ. ಅವರು ಉತ್ತರ ಕೊಡುವ ಮೊದಲೇ ಕ್ರೇಗ್ ನಡುವೆ ಬಂದ. ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಟ್, ಬಹುಶಃ ಯಾರದೂ ತಪ್ಪಿಲ್ಲ, ಆ ಉದ್ಯೋಗಿಯ ವಿಷಯ ಇಲ್ಲಿಗೆ ಬಿಡೋಣ, ಮುಂದಕ್ಕೆ ನೋಡೋಣ ಎಂದ. ಅಷ್ಟೇ. ಒಬ್ಬ ಹೆಣ್ಣುಮಗಳ ಕೆಲಸವನ್ನು ಎಷ್ಟು ಮೆತ್ತಗೆ ಕೀಳಲು ಹೊರಟಿದ್ದರೋ, ಅಷ್ಟೇ ಮೆತ್ತಗೆ ವಾಪಸ್ ಇಟ್ಟರು.

ಬದರಿನಾಥ್ ಅವನನ್ನು ಪಾರ್ಕಿಂಗ್‌ನಲ್ಲಿ ಹಿಡಿದರು. ಕನ್ನಡಕ್ಕೆ ತಿರುಗಿದ್ದೇ ಅವರ ಮುಖದಿಂದ ನಗು ಹೋಯಿತು.

"ಬಿಳಿಯರ ಮುಂದೆ ನಮ್ಮವರೇ ನಮ್ಮವರ ಮಾನ ಕಳೆಯೋದು. ಕಸಾಯಿಖಾನೆಯಿಂದ ಎಳ್ಕೊಂಡು ಬಂದು ಕೂರಿಸಿದ್ದು ಯಾರು ನಿನ್ನ?"

"ನೀವೇ ಸಾರ್. ಆದ್ರೆ ವೇದಾನೂ ನಮ್ಮವರೇ ಅಲ್ವಾ?"

ಇನ್ನು ಮೇಲೆ ಇಮಿಗ್ರೇಷನ್‌ನವರು ಫೋನ್ ಮಾಡಿದರೆ ನಾನು ನಿನ್ನನ್ನು ಬಲ್ಲೆ ಎನ್ನುವುದಿಲ್ಲ ಎಂದು ಹೇಳಿ ಬದರಿನಾಥ್ ಕಾರು ಹತ್ತಿದರು. ಹೇಳಿದ ಹಾಗೇ ಮಾಡಿದರು. ಅಮ್ಜದ್‌ನ ರೆಸಿಡೆನ್ಸಿ ಇನ್ನೂ ಬಹಳ ಕಾಲ ಎಳೆಯಿತು, ಬೇರೆಯವರನ್ನು ಹುಡುಕಿ ಮತ್ತೆ ಅರ್ಜಿ ಹಾಕಿಸಬೇಕಾಯಿತು. ರಾಜ್ಯೋತ್ಸವಕ್ಕೆ ಅವನ ಸಂಸಾರ ಹೋಗಲಿಲ್ಲ. ಬದರಿನಾಥ್ ಸ್ವಾಗತ ಭಾಷಣ ಮಾಡಿದರೆಂದೂ, ಚಪ್ಪಾಳೆ ಬಿತ್ತೆಂದೂ ಹೋದವರು ಹೇಳಿದರು. ಲ್ಯಾಬಿನಲ್ಲಿ ಮಾತ್ರ ಆ ವಾರವೇ ಮೂವರಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್ ಆಯಿತು. ಅದನ್ನು ಅಮ್ಜದ್ ಯಾರನ್ನೂ ಕೇಳದೆ ಮಾಡಿದ.

ಅದೇ ಸೋಮವಾರ ಸಂಜೆ ಅವನು ನೌರೀನ್‌ಳನ್ನು ಕರೆದುಕೊಂಡು ವೇದಾಳ ಮನೆಗೆ ಹೋದ. ಅವಳಿಗೆ ಬೇರೆ ಯಾರಿಂದಲೋ ತಿಳಿಯುವ ಮೊದಲು ತಾನೇ ಹೇಳಬೇಕಿತ್ತು. ಬಾಗಿಲಲ್ಲೇ ನಿಂತು, ಮೊದಲಿನಿಂದ ಕೊನೆಯವರೆಗೆ ಹೇಳಿದ. ಕೆಲಸ ಉಳಿಯಿತು ಎಂಬುದನ್ನು ಕೊನೆಗೆ ಹೇಳಿದ, ಅದರಿಂದ ಏನಾದರೂ ಹಗುರವಾಗುತ್ತದೆಂದು. ವೇದಾ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಅದರ ಬೆನ್ನು ತಟ್ಟುತ್ತಲೇ ಕೇಳಿದಳು.

"ಗುರುವಾರ ನನ್ನ ಹೆಸರ ಹೇಳಿದಾಗ ನೀವ್ ಅಲ್ಲೇ ನಿಂತಿದ್ರಿ."

"ಹೌದು."

"ಗುರುವಾರ ಸಂಜಿಗೂ ಬಂದ್ರಿ. ಶುಕ್ರವಾರ ಛಲೋ ಹೇಳೀರೇನು ಅಂತ ನಾನ ಬಾಯಿ ಬಿಟ್ಟ ಕೇಳ್ದೆ. ಸುಮ್ನ ಕುಂತ್ರಿ." ಅವಳ ಧ್ವನಿ ಏರಲಿಲ್ಲ. "ಅವ್ರು ಹಂಗಂದ್ರು ಅಂದ್ರ ನಂಗೇನೂ ಅನಸಂಗಿಲ್ಲ, ಅವ್ರು ನನ್ನ ಮನಿಗೆ ಬರ್ತಿದ್ದಿಲ್ಲ."

ಅಮ್ಜದ್‌ನ ಹಿಂದೆ ನೌರೀನ್ ಎಣ್ಣೆಯ ಬಟ್ಟಲು ಹಿಡಿದು, ತಾನೂ ಹೊರಗೇ ಉಳಿಯಬೇಕೋ ಏನೋ ಎಂಬ ಹಾಗೆ ನಿಂತಿದ್ದಳು. ವೇದಾ ಅವಳ ಕಡೆ ಕೈಚಾಚಿದಳು.

"ಆಪಾ, ನೀವ್ ಒಳಗ ಬರ್ರಿ, ನೀರ ಕಾದಾವ." ಆಮೇಲೆ ಅಮ್ಜದ್‌ಗೆ, "ನೀವ್ ಕಾರಿನ್ಯಾಗ ಕುಂದರ್ರಿ."

ಅವನು ಹೋಗಿ ಕಾರಿನಲ್ಲಿ ಕೂತ. ಮರುದಿನವೂ, ಅದರ ಮರುದಿನವೂ. ಮಗುವಿಗೆ ಕತ್ತು ನಿಲ್ಲುವ ತನಕ, ವೇದಾ ದಂಪತಿಗೇ ನೀರು ಹಾಕುವುದು ಬರುವ ತನಕ. ಅವಳು ಕೆಲಸಕ್ಕೆ ಹಿಂದಿರುಗಿದ ಮೇಲೂ ಸರ್ವರ್ ವಿಷಯ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಅದು ನ್ಯಾಯ ಎಂದು ಅವನಿಗೂ ಗೊತ್ತಿತ್ತು, ಆದ್ದರಿಂದ ಬೇಸರ ಪಡಲೂ ಬಾಯಿಲ್ಲ.

ಆ ಮೊದಲ ಸಂಜೆ ಕಿಟಕಿಯ ಪರದೆ ಎಳೆದಿತ್ತು. ಒಳಗೆ ಮಗು ನೀರು ಬಿದ್ದಾಗ ಕಿರುಚಿ, ಆಮೇಲೆ ತಣ್ಣಗಾದದ್ದು ರಸ್ತೆಗೆ ಕೇಳಿತು. ಸ್ವಲ್ಪ ಹೊತ್ತಿಗೆ ನೌರೀನ್ ಒದ್ದೆ ತೋಳಿನಲ್ಲೇ ಬಂದು ಪಕ್ಕದಲ್ಲಿ ಕೂತಳು. ಅಮ್ಜದ್ ಗಾಡಿ ಸ್ಟಾರ್ಟ್ ಮಾಡಿದ.